ನಡುಮನೆಯ ತಕ್ಕಡಿ

ಮಕ್ಕಳಿರುವ ಮನೆಯ ತೊಲೆಗೆ ಒಂದು ಕಬ್ಬಿಣದ ಬಳೆ ಇದ್ದೇ ಇರುತ್ತದೆ, ತೊಟ್ಟಿಲು ಕಟ್ಟುವುದಕ್ಕೆ. ನಮ್ಮ ಮನೆಯಲ್ಲೂ ಇತ್ತು. ಮೊದಲು ನಾನು, ಏಳು ವರ್ಷ ಬಿಟ್ಟು ನನ್ನ ತಂಗಿ ಮುತ್ತು, ಇಬ್ಬರೂ ಆ ಬಳೆಯ ಕೆಳಗೆ ನಿದ್ದೆ ಮಾಡಿದವರೇ. ಮುತ್ತು ಗೋಡೆ ಹಿಡಿದು ನಡೆಯತೊಡಗಿದ ವಾರವೇ ಅಪ್ಪ ತೊಟ್ಟಿಲನ್ನು ಅಟ್ಟಕ್ಕೆ ಹಾಕಿ ಆ ಬಳೆಗೆ ಒಂದು ತಕ್ಕಡಿ ನೇತುಹಾಕಿದ. ಗಡಿಯಾರದಂಥ ದುಂಡು ಮುಖ, ನಡುವೆ ಒಂದು ಮುಳ್ಳು, ಕೆಳಗೆ ಕೊಕ್ಕೆ. ತಾನು ಕೆಲಸಕ್ಕಿದ್ದ ಮಂಡಿಯಲ್ಲಿ ಹಳತಾಯಿತು ಅಂತ ಮೂಲೆಗೆ ಎಸೆದಿದ್ದನ್ನು ಕೇಳಿ ತಂದು, ಸೀಮೆಎಣ್ಣೆ ಹಾಕಿ ಉಜ್ಜಿ, ಸ್ಪ್ರಿಂಗು ಸರಿ ಮಾಡಿದ್ದ. ತನ್ನ ಕಣ್ಣಿನ ಎತ್ತರಕ್ಕೆ, ಗೋಡೆಯ ಕಡೆಗೆ ಮುಖ ಮಾಡಿ ಕಟ್ಟಿದ್ದ. ತೂಕದವನು ಗೋಡೆಗೆ ಬೆನ್ನು ಕೊಟ್ಟು ನಿಂತು ಮುಳ್ಳು ನೋಡಿ ಕೂಗಬೇಕು, ಮಿಕ್ಕವರು ಎದುರಿಗೆ ನಿಂತು ಕೇಳಿಸಿಕೊಳ್ಳಬೇಕು, ಅದು ಮಂಡಿಯ ರೂಢಿ. ಮನೆಗೆ ಬಂದ ನೆಂಟರಿಗೆ ಕಾಣುತ್ತಿದ್ದದ್ದು ತಕ್ಕಡಿಯ ಬೆನ್ನು ಮಾತ್ರ.

ಅಪ್ಪ ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ತೂಕದವನಾಗಿದ್ದ. ಹಮಾಲರು ಚೀಲ ಏರಿಸುತ್ತಾರೆ, ಅಪ್ಪ ಮುಳ್ಳು ನೋಡಿ ಕೂಗುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದೇ ಕೂಗು. ಬೇರೆಯವರಾದರೆ ಆ ಕೆಲಸವನ್ನು ಮಂಡಿಯಲ್ಲೇ ಬಿಟ್ಟು ಬರುತ್ತಿದ್ದರು. ಅಪ್ಪ ಮನೆಗೂ ತರುತ್ತಿದ್ದ. ನಮ್ಮ ಮನೆ ರೈಲು ಹಳಿಯ ಹಿಂದಿನ ಬೀದಿಯಲ್ಲಿತ್ತು. ರೈಲು ಕೂಗಿದರೆ ಅಪ್ಪ ಗಡಿಯಾರ ನೋಡಿ "ಇವತ್ತು ಹನ್ನೊಂದು ನಿಮಿಷ ಲೇಟು" ಅನ್ನುತ್ತಿದ್ದ, ತಾನೇ ಹೊರಡಬೇಕಾಗಿದ್ದವನ ಹಾಗೆ. ಹಾಲಿನವನು ಬಂದರೆ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು ನೀರು ಎಷ್ಟು ಅಂತ ನೋಡುತ್ತಿದ್ದ. ಸ್ನಾನಕ್ಕೆ ಎಷ್ಟು ಚೆಂಬು, ತಲೆಗೆ ಎಷ್ಟು ಚಮಚ ಎಣ್ಣೆ, ನಾನು ಒಂದು ಗಂಟೆಯಲ್ಲಿ ಎಷ್ಟು ಮಗ್ಗಿ ಹೇಳಿದೆ, ಎಲ್ಲಕ್ಕೂ ಲೆಕ್ಕ. ಬಸ್ತಿಹಳ್ಳಿಯ ಅತ್ತೆ, ಅಂದರೆ ಅಪ್ಪನ ಅಕ್ಕ, ಸುಗ್ಗಿ ಮುಗಿದ ಮೇಲೆ ಒಂದು ಚೀಲ ರಾಗಿ ಕಳಿಸುತ್ತಿದ್ದಳು. ಅದನ್ನೂ ತೂಗಿ ನೋಡಿ, "ಅಕ್ಕನ ಚೀಲ ಈ ವರ್ಷನೂ ಎರಡು ಕೇಜಿ ಕಮ್ಮಿ" ಅನ್ನುತ್ತಿದ್ದ. ಅತ್ತೆಗೆ ಅದು ದೊಡ್ಡ ಅವಮಾನ. "ಅಳೆದು ಕೊಡೋ ಕೈ ನಂದು, ಕಮ್ಮಿ ಹೇಳೋ ಬಾಯಿ ನಿಂದು" ಅಂತ ಒಂದು ಸಲ ಹೇಳಿಕಳಿಸಿದ್ದಳು.

ಅಪ್ಪನನ್ನು ನೋಡಿ ನಗುವುದು ಸುಲಭ. ಆದರೆ ಅವನಿಗೊಂದು ಕಾರಣ ಇತ್ತು. ನಮ್ಮ ತಾತ ಹೊಲ ಭಾಗ ಮಾಡಿಕೊಳ್ಳುವಾಗ ಹಗ್ಗ ಹಿಡಿಯಲಿಲ್ಲವಂತೆ. ಅಣ್ಣ ತಮ್ಮಂದಿರಲ್ಲಿ ಅಳತೆ ಯಾಕೆ ಅಂತ, "ಆ ಬೇವಿನ ಮರದಿಂದ ಈ ಕಲ್ಲಿನವರೆಗೆ ನಂದು" ಅಂತ ಕೈ ತೋರಿಸಿದನಂತೆ. ಮರ ಇದ್ದಲ್ಲೇ ಇತ್ತು. ಕಲ್ಲು ಮಾತ್ರ ವರ್ಷಕ್ಕಿಷ್ಟು ನಡೆಯಿತು. ಅಪ್ಪ ಊರು ಬಿಟ್ಟು ಅರಸೀಕೆರೆಗೆ ಬಂದದ್ದೇ ಆ ಕಲ್ಲು ನಡೆದದ್ದರಿಂದ.

"ಬಡವರಿಗೆ ಅಳತೆಗಿಂತ ದೊಡ್ಡ ದೇವ್ರಿಲ್ಲ ಕಣೇ ಸಾವಿ," ಅನ್ನುತ್ತಿದ್ದ ನನಗೆ. "ಬಾಯಿ ಸುಳ್ಳು ಹೇಳ್ತದೆ. ಮುಳ್ಳು ಹೇಳಲ್ಲ."

ಅವ್ವ ಈ ದೇವರಿಗೆ ಕೈ ಮುಗಿದವಳಲ್ಲ. ಒಂದು ಸಂಜೆ ಅಪ್ಪ ಮುದ್ದೆಗಳನ್ನು ಕೈತಕ್ಕಡಿಯಲ್ಲಿ ಇಟ್ಟು ನೋಡಿದ. ಎಲ್ಲರ ತಟ್ಟೆಗೂ ಒಂದೇ ತೂಕದ ಮುದ್ದೆ ಬೀಳಬೇಕು, ಅದು ನ್ಯಾಯ, ಅಂತ ಅವನ ವಾದ. ಅವ್ವ ಹಿಟ್ಟಿನ ಕೋಲು ಕೆಳಗಿಟ್ಟಳು.

"ಇದು ಯಾಕೆ ದೊಡ್ಡದು?" ಅಂದ ಅಪ್ಪ.

"ಅದು ನಿಮ್ದು. ಚೀಲದ ಮುಂದೆ ನಿಂತು ಬಂದಿದ್ದೀರಿ."

"ಸಾವಿದು ಇವತ್ತು ನನ್ನಷ್ಟೇ ಐತೆ?"

"ಅವಳು ಕೆರೆ ಏರಿ ಮೇಲೆ ಓಡಿ ಬಂದಿದ್ದಾಳೆ. ನಾಳೆ ಚಿಕ್ಕದಾಗ್ತದೆ. ಹಸಿವು ಎಲ್ಲಾರ್ಗೂ ಒಂದೇ ತೂಕ ಐತಾ? ಅದನ್ನ ಮೊದ್ಲು ತೂಗಿ, ಆಮೇಲೆ ಮುದ್ದೆ ತೂಗುವ್ರಂತೆ."

ಅಪ್ಪ ನಕ್ಕು ಕೈತಕ್ಕಡಿ ಎತ್ತಿಟ್ಟ. ಅವರಿಬ್ಬರ ಜಗಳ ಆ ಕಾಲಕ್ಕೆ ಹೀಗೆ ನಗುವಿನಲ್ಲೇ ಮುಗಿಯುತ್ತಿತ್ತು.

ಇಲ್ಲಿ ನನ್ನ ಈಗಿನ ಕಸುಬು ಹೇಳಿಬಿಡಬೇಕು. ನಾನು ಹುಣಸೆ ಮರ ಗುತ್ತಿಗೆ ಹಿಡಿಯುವವಳು. ಗೆಂಡೆಹಳ್ಳಿ ಕಡೆಯಿಂದ ಈಚೆಗೆ ಯಾರ ಹೊಲದ ಬದುವಿನಲ್ಲಿ ಎಂಥ ಮರ ಇದೆ ಅಂತ ನನಗೆ ಗೊತ್ತು. ಹಣ್ಣು ಮರದಲ್ಲಿರುವಾಗಲೇ ಕೆಳಗೆ ನಿಂತು ಕತ್ತೆತ್ತಿ ನೋಡಿ ಮಾತು ಮುಗಿಸುತ್ತೇನೆ. ಹಾಗಂತ ಅಳತೆ ಬೇಡ ಅನ್ನುವವಳಲ್ಲ. ನನ್ನ ಗೋದಾಮಿನಲ್ಲಿ ಎರಡು ತಕ್ಕಡಿ ಇವೆ. ಆದರೆ ಈಗ ಜನ ಅಳೆಯುವುದನ್ನು ನೋಡಿದರೆ ಅಪ್ಪನೇ ವಾಸಿ ಅನ್ನಿಸುತ್ತದೆ. ಎಷ್ಟು ಹೆಜ್ಜೆ ನಡೆದೆ ಅಂತ ಫೋನು ಹೇಳಬೇಕು, ರಾತ್ರಿ ನಿದ್ದೆ ಚೆನ್ನಾಗಿ ಬಂತೇ ಅಂತ ಕೈಗಡಿಯಾರ ಹೇಳಬೇಕು. ಮಗು ಬುದ್ಧಿವಂತೆಯೇ ಅಂದರೆ ತಾಯಿ ಮಗುವಿನ ಮುಖ ನೋಡುವುದಿಲ್ಲ, ಅಂಕಪಟ್ಟಿ ತೆಗೆಯುತ್ತಾಳೆ. ನನ್ನ ಹತ್ತಿರ ಬುದ್ಧಿಮಾತು ಕೇಳಲು ಬರುವ ಹುಡುಗಿಯರಿಗೆ, ಕೇಳದೆ ಇದ್ದವರಿಗೂ, ನಾನು ಹೇಳುವುದು ಒಂದೇ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಕೂಡಲೇ ಸಂತೋಷವನ್ನೂ ಪಡಬೇಡಿ, ಅಳಲೂಬೇಡಿ. ಅಳೆಯುವಾಗ ಮುಳ್ಳು ಯಾರ ಕಡೆಗೆ ಮುಖ ಮಾಡಿತ್ತು ಅಂತ ಮೊದಲು ಕೇಳಿ. ಇದು ಪುಸ್ತಕದಲ್ಲಿ ಓದಿದ್ದಲ್ಲ. ಹತ್ತು ವರ್ಷದವಳಿದ್ದಾಗ ನಮ್ಮ ನಡುಮನೆಯಲ್ಲಿ, ತಂಗಿ ಕೈತಪ್ಪಿ ಹೋಗುವುದರಲ್ಲಿದ್ದಾಗ ಕಲಿತದ್ದು.

ಬೀದಿಯ ಕೊನೆಯಲ್ಲಿ ಅಂಗನವಾಡಿ ಇತ್ತು. ಅಲ್ಲಿನ ಸುಜಾತಾ ಟೀಚರ್ ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಪ್ರತಿ ಮಗುವಿನ ಕಾರ್ಡಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಕಾರ್ಡಿನಲ್ಲಿ ಮೇಲಕ್ಕೆ ಹತ್ತುವ ಬಾಗಿದ ಗೆರೆಗಳಿದ್ದವು. ಮಗುವಿನ ಚುಕ್ಕೆ ಮೇಲಿನ ಗೆರೆಗಳ ಹತ್ತಿರ ಇದ್ದರೆ ಒಳ್ಳೆಯದು. ಮೇಲಿನಿಂದ ಮೂರನೆಯ ಗೆರೆಗಿಂತ ಕೆಳಗೆ ಬಿದ್ದರೆ ಮಗು ಸೊರಗಿದೆ ಅಂತ ಅರ್ಥ. ಆ ವರ್ಷ ಅಂಗನವಾಡಿಯ ತಕ್ಕಡಿಯ ಸ್ಪ್ರಿಂಗು ಸಡಿಲವಾಗಿ, ಯಾವ ಮಗುವನ್ನು ಕೂರಿಸಿದರೂ ಒಂದೇ ತೂಕ ತೋರಿಸತೊಡಗಿತು. ಹೊಸದು ಬರುವವರೆಗೆ ಕಾಯಲಾರದೆ ಟೀಚರ್ ನಮ್ಮ ಮನೆಗೆ ಬಂದರು.

"ಅಣ್ಣ, ಹೊಸ ತಕ್ಕಡಿ ಬರೋವರ್ಗೂ ನೀವೇ ತೂಗಿಕೊಡಿ. ನಿಮ್ಮ ಬಾಯಲ್ಲಿ ಬಂದದ್ದನ್ನ ನಾನು ಹಂಗೇ ಬರ್ಕೊಳ್ತೀನಿ. ನಿಮ್ಮ ತೂಕ ಅಂದ್ರೆ ಯಾರೂ ತುಟಿ ಎರಡು ಮಾಡಲ್ಲ."

ಅಪ್ಪನ ಮುಖ ನೋಡಬೇಕಿತ್ತು. ಚೀಲ ತೂಗುವವನನ್ನು ಮಕ್ಕಳನ್ನು ತೂಗಲು ಕರೆದರೆ ಅದು ಸಣ್ಣ ಮರ್ಯಾದೆಯೇ? ಒಂದು ಬಿದಿರಿನ ಮಂಕರಿ ತಂದು, ಒಳಗೆ ಹಳೆಯ ಸೀರೆ ಹಾಸಿ, ನಾಲ್ಕು ಹಗ್ಗ ಕಟ್ಟಿ ಕೊಕ್ಕೆಗೆ ತೂಗುಹಾಕಿದ. ಬರೀ ಮಂಕರಿ ತೂಗುವಾಗ ಮುಳ್ಳು ಸೊನ್ನೆಗೆ ನಿಲ್ಲುವ ಹಾಗೆ ತಿರುಪು ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಮಂಕರಿ ಭಾರ ಕಳೆದಾಯ್ತು. ಇನ್ನು ಬರೋದೆಲ್ಲ ಮಗೀದೇ."

ಬೀದಿಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಜಗುಲಿ ತುಂಬ ನಿಂತರು. ಒಂದೊಂದೇ ಮಗು ಮಂಕರಿಯಲ್ಲಿ ಕೂತು ತೂಗಾಡಿತು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂಗಿದ: "ಹತ್ತೂ ಕಾಲು. ಮುಂದೆ. ಎಂಟೂವರೆ. ಮುಂದೆ." ಟೀಚರ್ ಬರೆದುಕೊಂಡರು. ಚುಕ್ಕೆ ಇಡುತ್ತಾ ಇಡುತ್ತಾ ಅವರ ಮುಖ ಸಣ್ಣದಾಯಿತು. ಇಡೀ ಬೀದಿಯ ಮಕ್ಕಳೆಲ್ಲ ಒಂದು ಗೆರೆ, ಎರಡು ಗೆರೆ ಕೆಳಗೆ ಇಳಿದಿದ್ದರು. ಪಕ್ಕದ ಮನೆಯ ಜಯಮ್ಮನ ಮಗ ಗುಂಡುಕಲ್ಲಿನಂಥವನು. ಅವನನ್ನು ಇಳಿಸಿದ ಮೇಲೂ ಮಂಕರಿ ಕಿರುಗುಡುತ್ತಿತ್ತು. ಅವನೂ ಕಮ್ಮಿ.

"ಇವ್ನಾ? ಕಮ್ಮೀನಾ?" ಅಂದಳು ಜಯಮ್ಮ. "ಟೀಚರ್, ಇವ್ನನ್ನ ಎತ್ಕೊಂಡು ನನ್ನ ಸೊಂಟ ಬಿದ್ದೋಗೈತೆ."

"ನೋಡೋಕೆ ಹಂಗೆ ಕಾಣ್ತಾವೆ ಜಯಮ್ಮ. ಅದು ಊತ ಇರಬಹುದು. ತೂಕದಲ್ಲಿ ಇಲ್ವಲ್ಲ," ಅಂದರು ಟೀಚರ್.

ನಮ್ಮ ಮುತ್ತು ಎಲ್ಲರಿಗಿಂತ ಸಣ್ಣ ಮೈಯವಳು. ಅವಳ ಚುಕ್ಕೆ ಮೂರನೆಯ ಗೆರೆಗಿಂತ ಕೆಳಗೆ ಬಿತ್ತು. ಒಂಬತ್ತು ಕೇಜಿ. ಮೂರು ತುಂಬಲು ಬಂದ ಕೂಸು. ಮಾರನೆಯ ತಿಂಗಳೂ ಒಂಬತ್ತರ ಹತ್ತಿರವೇ. ಅಪ್ಪ ಆಮೇಲೆ ಅವಳನ್ನು ಪ್ರತಿ ಭಾನುವಾರ ತೂಗತೊಡಗಿದ. ಅವನು ಕೂಗುವುದು, ನಾನು ಕೆಳಗೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವುದು. ಅವ್ವ ಏನು ಮಾಡಿದರೂ ಆ ಪುಟದ ಅಂಕಿ ಮೇಲಕ್ಕೆ ಹತ್ತಲಿಲ್ಲ. ಮೊದಲೆಲ್ಲ ಮುತ್ತು ಅಂಗಳದಲ್ಲಿ ಆಡುತ್ತಾ, ಬಂದು ಬಂದು ಬಾಯಿ ತೆರೆದು ತುತ್ತು ಹಾಕಿಸಿಕೊಂಡು ಓಡುತ್ತಿದ್ದಳು. ಈಗ ಅವಳನ್ನು ಎರಡು ಕಾಲಿನ ನಡುವೆ ಅಮುಕಿ ಹಿಡಿದು ಹಾಲು, ಬೆಲ್ಲ, ಹುರಿಹಿಟ್ಟು, ಬೇಯಿಸಿದ ಮೊಟ್ಟೆ. ಆಡಿದರೆ ಕರಗುತ್ತಾಳೆ ಅಂತ ಅಂಗಳಕ್ಕೂ ಬಿಡುತ್ತಿರಲಿಲ್ಲ. ತಟ್ಟೆಯ ಸದ್ದಾದರೆ ಸಾಕು, ಮುತ್ತು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಚೆನ್ನಾಗಿ ಉಣ್ಣುತ್ತಿದ್ದ ಕೂಸು ಅನ್ನ ಕಂಡರೆ ಹೆದರುವ ಹಾಗಾಯಿತು. ಕಾರ್ಡು ಹೇಳಿದ್ದನ್ನು ನಾವೇ ನಿಜ ಮಾಡಲು ಹೊರಟಿದ್ದೆವು.

ಸುದ್ದಿ ಬಸ್ತಿಹಳ್ಳಿಗೆ ಮುಟ್ಟಿತು. ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಒಳ್ಳೆಯವನು, ಮಾತು ಕಡಿಮೆ. ಬಸದಿಯ ಹಿಂದಿನ ಹೊಲದಲ್ಲಿ ರಾಗಿ, ಮನೆಯಲ್ಲಿ ಎರಡು ಸೀಮೆಹಸು. ಅತ್ತೆ ಹಳೇಬೀಡಿನಿಂದ ಜಾವಗಲ್ ಮೇಲೆ ಬರುವ ಬಸ್ಸು ಹತ್ತಿ ಬಂದವಳೇ ಮುತ್ತುವಿನ ಕೈ ಹಿಡಿದು ನೋಡಿದಳು, ಕಾರ್ಡು ನೋಡಿದಳು, ಆಮೇಲೆ ಅವ್ವನನ್ನು ನೋಡಿದಳು.

"ಹೊರೇಲಿ ಒಂದು ಕಡ್ಡಿ ಸಣ್ಣದಿದ್ರೆ ಯಾರ ತಪ್ಪೂ ಅಲ್ಲ ಕಣಮ್ಮ," ಅಂದಳು. "ನಿನ್ನನ್ನ ಬಯ್ಯೋಕೆ ಬಂದಿಲ್ಲ. ನಮ್ಮನೇಲಿ ಹಾಲೈತೆ, ಕುಡಿಯೋ ಬಾಯಿಲ್ಲ. ಕೂಸನ್ನ ನನ್ಜೊತೆ ಕಳ್ಸು. ಚೆನ್ನಾಗಾದ್ಮೇಲೆ ನೋಡಣ."

"ಎಷ್ಟು ದಿನ ಅಕ್ಕ?" ಅಂದ ಅಪ್ಪ.

"ದಿನ ಏನು ಬಂತು. ಸ್ಕೂಲಿಗೆ ಸೇರೋ ಹೊತ್ತಿಗೆ ನೋಡಣ. ಹಳೇಬೀಡಲ್ಲೂ ಸ್ಕೂಲೈತೆ."

ಆ ಕೊನೆಯ ಮಾತು ಕೇಳಿ, ಕರೆದುಕೊಂಡು ಹೋಗುವುದಲ್ಲ, ಇಟ್ಟುಕೊಳ್ಳುವುದು ಅಂತ ಹತ್ತು ವರ್ಷದವಳಿಗೂ ಗೊತ್ತಾಯಿತು. ಅಪ್ಪನಿಗೂ ಗೊತ್ತಾಗಿರಬೇಕು. ಆದರೆ ಅವನು ತೂಕದವನು. ಕರುಳಿನ ಮಾತಿಗೂ ತಕ್ಕಡಿಯನ್ನೇ ಪಂಚಾಯ್ತಿಗೆ ಕೂರಿಸಿದ.

"ಇನ್ನು ನಾಲ್ಕು ವಾರ ನೋಡಣ ಅಕ್ಕ. ನಾಲ್ಕನೇ ಭಾನುವಾರ ನೀನು ಬಾ. ಮೂರನೇ ಗೆರೆ ದಾಟಿದ್ರೆ ಕೂಸು ಇಲ್ಲೇ ಇರ್ತದೆ. ದಾಟ್ಲಿಲ್ಲ ಅಂದ್ರೆ ಕರ್ಕೊಂಡೋಗು. ನಾನು ಅಡ್ಡ ಬರಲ್ಲ."

ಅವ್ವ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಯುವುದು ನಿಲ್ಲಲಿಲ್ಲ. ಬೆಣ್ಣೆ ಬಂದು ಎಷ್ಟೋ ಹೊತ್ತಾಗಿತ್ತು.

ಆ ನಾಲ್ಕು ವಾರ ಮನೆಯಲ್ಲಿ ನಗು ಇರಲಿಲ್ಲ. ಮೂರನೆಯ ಭಾನುವಾರ ಅಪ್ಪ "ಒಂಬತ್ತು" ಅಂದಾಗ ಅವ್ವ ಒಳಗೆ ಹೋಗಿ ಮುತ್ತುವಿನ ಬಟ್ಟೆಗಳನ್ನು ಮಡಿಸಿಡತೊಡಗಿದಳು. ನಾನು ಒಂದೆರಡನ್ನು ಕದ್ದು ನನ್ನ ಸ್ಕೂಲ್ ಬ್ಯಾಗಿನಲ್ಲಿ ಬಚ್ಚಿಟ್ಟೆ. ಬಟ್ಟೆ ಇಲ್ಲದಿದ್ದರೆ ಕಳಿಸಲಾರರು ಅನ್ನುವ ಲೆಕ್ಕಾಚಾರ. ಸೋಲುವ ವ್ಯಾಪಾರ ಅಂತ ಈಗ ಗೊತ್ತು.

ನಾಲ್ಕನೆಯ ಭಾನುವಾರದ ಹಿಂದಿನ ದಿನ ಮಂಡಿಗೆ ಕೊಬ್ಬರಿ ಬಹಳ ಬಂದಿತ್ತು. ಕೂಗಿ ಕೂಗಿ ಅಪ್ಪನ ಗಂಟಲು ಪೂರ್ತಿ ಕಟ್ಟಿಹೋಯಿತು. ಬೆಳಗ್ಗೆ ಉಪ್ಪುನೀರು ಮುಕ್ಕಳಿಸಿದರೂ ಬರೀ ಗಾಳಿ ಬರುತ್ತಿತ್ತು. ಅತ್ತೆಯ ಬಸ್ಸು ಮಧ್ಯಾಹ್ನಕ್ಕೆ. ಅಪ್ಪ ಮಂಕರಿ ಕಟ್ಟಿ, ಮುಳ್ಳನ್ನು ಸೊನ್ನೆಗೆ ತಂದು, ಮುತ್ತುವನ್ನು ಕೂರಿಸಿದ. ಕೂಗಲು ಬಾಯಿ ತೆರೆದ, ಬರಲಿಲ್ಲ. ಕೈಸನ್ನೆ ಮಾಡಿ ನನ್ನನ್ನು ಕರೆದು ಗೋಡೆಯ ಹತ್ತಿರದ ಸ್ಟೂಲಿನ ಮೇಲೆ ಹತ್ತಿಸಿದ. ಆ ತಕ್ಕಡಿಯ ಮುಖವನ್ನು ನಾನು ಎದುರಿಗೆ ನಿಂತು ನೋಡಿದ್ದು ಅದೇ ಮೊದಲು.

"ಹನ್ನೊಂದು," ಅಂದೆ.

ಅಪ್ಪ ತಲೆಯಾಡಿಸಿದ. ಎರಡು ಬೆರಳು ಎತ್ತಿ, ಕೆಳಕ್ಕೆ ಇಳಿಸಿ, ಬರೆಯುವ ಹಾಗೆ ಕೈ ಆಡಿಸಿದ.

"ಏನಪ್ಪ?"

"ಎರಡು ಮುರ್ಕೊಂಡು ಬರಿ," ಪಿಸುಗುಟ್ಟಿದ.

"ಯಾಕೆ? ಮುಳ್ಳು ಹನ್ನೊಂದರ ಮೇಲೈತೆ. ಮಂಕರಿದು ಮೊದ್ಲೇ ಕಳೆದ್ಯಲ್ಲ."

"ಮಂಕರಿದಲ್ಲ."

"ಮತ್ತೆ ಯಾವ್ದು?"

ಅಪ್ಪ ಹೇಳಲು ಹೊರಟವನು ನಿಂತ. ಇನ್ನೂ ಮೇಲೆ ಹಿಡಿದಿದ್ದ ತನ್ನ ಎರಡು ಬೆರಳುಗಳನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡಿಕೊಂಡ.

ಮಂಡಿಯಲ್ಲಿ ಅದಕ್ಕೆ ಸೂಟು ಅಂತಿದ್ದರು. ಚೀಲದ ಭಾರ, ಕೊಬ್ಬರಿಯ ತೇವ, ಧೂಳು, ಸಿಪ್ಪೆ ಅಂತ ನೆವ ಹೇಳಿ, ರೈತನ ಪ್ರತಿ ಚೀಲಕ್ಕೂ ಎರಡು ಕೇಜಿ ಮುರಿದುಕೊಂಡು ಬರೆಯುವ ಪದ್ಧತಿ. ಮುಳ್ಳು ಐವತ್ತೆರಡು ತೋರಿಸಿದರೆ ತೂಕದವನು ಐವತ್ತು ಅಂತ ಕೂಗಬೇಕು. ಅಪ್ಪ ಮಂಡಿಗೆ ಸೇರಿದ ದಿನ ಹಿರಿಯ ತೂಕದವನು ಕಲಿಸಿದ ಮೊದಲ ಪಾಠ ಅದು. ಇಷ್ಟು ವರ್ಷ ಅದನ್ನೇ ಮಾಡಿ ಮಾಡಿ, ಕಣ್ಣು ಒಂದನ್ನು ನೋಡುವುದು, ಬಾಯಿ ಇನ್ನೊಂದನ್ನು ಹೇಳುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಕೊಕ್ಕೆಗೆ ಏನಾದರೂ ತೂಗುಬಿದ್ದು ಮುಳ್ಳು ಅಲ್ಲಾಡಿ ನಿಂತರೆ ಸಾಕು, ಅವನ ನಾಲಗೆ ಎರಡು ಕೇಜಿ ನುಂಗಿಬಿಡುತ್ತಿತ್ತು. ಹಾಗೆ ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ. ಆವತ್ತು ನಾಲಗೆ ಕೆಲಸ ಮಾಡದೆ, ಆ ಎರಡು ಕೇಜಿ ಬೆರಳಿಗೆ ಬಂದು ಎಲ್ಲರ ಕಣ್ಣಿಗೆ ಬಿತ್ತು.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬಂದು ನನ್ನನ್ನು ಸ್ಟೂಲಿನಿಂದ ಇಳಿಸಿ ತಾನೇ ಹತ್ತಿ ಮುಳ್ಳು ನೋಡಿದಳು. ಅಪ್ಪನನ್ನು ಯಾವಾಗಲೂ 'ನೀವು' ಅನ್ನುತ್ತಿದ್ದವಳು ಆವತ್ತು ಹಾಗೆ ಅನ್ನಲಿಲ್ಲ.

"ನಿನ್ನ ಅಕ್ಕನ ರಾಗಿ ವರ್ಷಾ ವರ್ಷಾ ಕಮ್ಮಿ ಬತ್ತಿತ್ತಲ್ಲ, ಅದು ಇದೇನಾ?"

ಅಪ್ಪ ಎತ್ತಿದ್ದ ಎರಡು ಬೆರಳನ್ನು ಮಡಿಸಿಕೊಂಡ.

"ಚೀಲಕ್ಕೆ ಧೂಳು ಇರ್ತದೆ, ಒಪ್ಕೊಂಡೆ. ಕೂಸಿನ ಮೈಯಿಂದ ಯಾವ ಧೂಳು ಮುರ್ಕೊಂಡೆ ನೀನು?"

ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಮುತ್ತು ಮಂಕರಿಯಲ್ಲಿ ಕೂತು ಇನ್ನೂ ತೂಗಿ ಅಂತ ಕಾಲು ಬಡಿಯುತ್ತಿದ್ದಳು. ಅವ್ವ ಅವಳನ್ನು ಎತ್ತಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದು ಮಾತು ಹೇಳಿದಳು: "ಬರೀ ನಮ್ಮನೇದಲ್ಲ ಇದು. ಬೀದೀಲಿ ಎಷ್ಟು ತಾಯಂದ್ರು ನಿಮ್ಮ ಬಾಯಿಂದ ಬೈಸ್ಕೊಂಡವ್ರೆ. ಎದ್ದು ಹೋಗಿ ಹೇಳಿ ಬನ್ನಿ." ಮತ್ತೆ 'ನೀವು'ಗೆ ಬಂದಿದ್ದಳು. ಅದು ಕ್ಷಮೆ ಅಂತ ನಾನು ಅಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡಿರಬೇಕು, ಎದ್ದು ಅಂಗಿ ಹಾಕಿಕೊಂಡ. ಹೇಳಲು ದನಿ ಇಲ್ಲದ್ದರಿಂದ ನನ್ನನ್ನು ಕರೆದುಕೊಂಡ.

ಒಬ್ಬರ ತಪ್ಪನ್ನು ಇನ್ನೊಬ್ಬರು ಅವರ ಮುಂದೆಯೇ ನಿಂತು ಹೇಳುವುದಿದೆಯಲ್ಲ, ಅದಕ್ಕಿಂತ ಕಷ್ಟದ ಮಾತುಗಾರಿಕೆ ನನ್ನ ವ್ಯಾಪಾರದಲ್ಲೂ ನಾನು ಕಂಡಿಲ್ಲ. ಮೊದಲು ಜಯಮ್ಮನ ಮನೆ. "ಅಪ್ಪ ತೂಕ ತಪ್ಪು ಹೇಳ್ದ. ಎಲ್ಲಾ ಮಕ್ಕಳದ್ದೂ ಎರಡೆರಡು ಕೇಜಿ ಕಮ್ಮಿ ಹೇಳ್ದ. ಬೇಕು ಅಂತ ಅಲ್ಲ," ಅಂದೆ ಒಂದೇ ಉಸಿರಿಗೆ. ಅಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ.

ಜಯಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲು ಪೂರ್ತಿ ತೆಗೆದಳು.

"ಎರಡು ತಿಂಗಳಿಂದ ನಮ್ಮತ್ತೆ ನನ್ನ ಕೈಗೆ ಹಾಲಿನ ಪಾತ್ರೆ ಕೊಟ್ಟಿಲ್ಲ ಕಣೇ. ಮಗನಿಗೆ ಹಾಕ್ದೆ ನಾನೇ ಕುಡೀತೀನಂತೆ. ಬನ್ನಿ ಅಣ್ಣ, ಒಳಗೆ ಬನ್ನಿ. ಅವ್ರ ಮುಂದೆ ಇನ್ನೊಂದು ಸಲ ಹೇಳ್ಸಿ. ಸಾವಿ, ಜೋರಾಗಿ ಹೇಳು, ಅವ್ರಿಗೆ ಕಿವಿ ಮಂದ."

ಜೋರಾಗಿ ಹೇಳಿದೆ. ಮೂರನೆಯ ಮನೆಗೆ ಬರುವ ಹೊತ್ತಿಗೆ ಜೋರಾಗಿ ಹೇಳು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಜಾತಾ ಟೀಚರ್ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಕೇಳಿದವರೇ ಒಗೆಯುವ ಕಲ್ಲಿನ ಮೇಲೆ ಕೂತರು.

"ವರದಿ ಮೇಲಕ್ಕೆ ಹೋಗಾಯ್ತಲ್ಲಣ್ಣ," ಅಂದರು. ಕೈಯ ಸೋಪಿನ ನೊರೆ ಒರೆಸಿಕೊಂಡು, "ನಿಮ್ಮೊಬ್ರದೇ ಅಲ್ಲ ಬಿಡಿ. ಎತ್ತಿದ್ರೆ ಕೈ ಸೋಲೋ ಮಕ್ಕಳನ್ನ ಕಣ್ಣಾರೆ ನೋಡ್ತಾ ಕಮ್ಮಿ ಅಂತ ಬರ್ದೋಳು ನಾನು. ತಪ್ಪಾಯ್ತು ಅಂತ ನಾನೇ ಬರೆದು ಕಳಿಸ್ತೀನಿ. ಬೈದ್ರೆ ಬೈಲಿ. ಎಲ್ಲಾರ್ನೂ ಈಗ್ಲೇ ಇನ್ನೊಂದು ಸಲ ತೂಗೋಣ," ಅಂದರು.

ಅಪ್ಪ ಮನೆಗೆ ಬಂದವನೇ ಬಳೆಗೆ ಕಟ್ಟಿದ್ದ ಹಗ್ಗ ಬಿಚ್ಚಿ ತಕ್ಕಡಿಯನ್ನು ತಿರುಗಿಸಿ ಕಟ್ಟಿದ. ಮುಳ್ಳು ಈಗ ಬಾಗಿಲ ಕಡೆಗೆ, ಜನದ ಕಡೆಗೆ. ಎತ್ತರವನ್ನೂ ಇಳಿಸಿದ, ಹೆಂಗಸರ ಕಣ್ಣಿಗೆ ನಿಲುಕುವಷ್ಟು. ಪ್ರತಿ ತಾಯಿಯೂ ತನ್ನ ಮಗುವನ್ನು ತಾನೇ ಕೂರಿಸಿ, ತಾನೇ ಮುಳ್ಳು ನೋಡಿ ಹೇಳಬೇಕು. ಅಂಕಿ ಬಾರದವರಿಗೆ ನಾನು ಬೆರಳಿಟ್ಟು ತೋರಿಸಿದೆ. ಜಯಮ್ಮ ತನ್ನ ಮಗನ ತೂಕವನ್ನು ಬೀದಿಯ ಆ ಕೊನೆಗೂ ಕೇಳುವ ಹಾಗೆ ಕೂಗಿದಳು. ಮಕ್ಕಳೆಲ್ಲ ತಮ್ಮ ತಮ್ಮ ಗೆರೆಗೆ ಏರಿದರು. ಒಂದು ಮಗು ಮಾತ್ರ ಏರಲಿಲ್ಲ. ಹಮಾಲಿ ಮಾಡುವವರ ಮನೆಯ ಸಣ್ಣ ಹೆಣ್ಣುಮಗು. ನಿಜವಾಗಿಯೂ ಮೂರನೆಯ ಗೆರೆಯ ಕೆಳಗಿತ್ತು. ಎಲ್ಲರೂ ಕಮ್ಮಿ ಅಂದಾಗ ಆ ಒಂದು ಮಗು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಟೀಚರ್ ಅದನ್ನು ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅದು ಚೇತರಿಸಿಕೊಂಡು ನಮ್ಮ ಜೊತೆಯೇ ಬೆಳೆಯಿತು. ಅಳತೆ ಬೇಡ ಅನ್ನುವವಳಲ್ಲ ನಾನು ಅಂದೆನಲ್ಲ, ಆ ಮಗುವಿನಿಂದಾಗಿ. ಸರಿಯಾಗಿ ಹಿಡಿದ ತಕ್ಕಡಿ ಅಳಲು ಶಕ್ತಿ ಇಲ್ಲದ ಕೂಸಿನ ಪರವಾಗಿ ಅಳುತ್ತದೆ.

ಮಂಡಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಟಲು ಬಿಟ್ಟ ಮೇಲೆ ಅಪ್ಪ ಎರಡೂ ಅಂಕಿ ಕೂಗತೊಡಗಿದ. "ಮುಳ್ಳು ಐವತ್ತೆರಡು. ಬರೆಯೋದು ಐವತ್ತು." ಮಂಡಿಯವರು ಗೊಣಗಿದರು. "ಏನ್ಲಾ, ಹೊಸ ರಾಗ?" ಅಂತ ಜೊತೆಯವರು ಅಣಕಿಸಿದರು. ಸೂಟು ನಿಲ್ಲಲಿಲ್ಲ, ಅದು ಅಪ್ಪನ ಕೈಯಲ್ಲಿರಲಿಲ್ಲ. ಆದರೆ ಎದುರಿಗೆ ನಿಂತ ರೈತನಿಗೆ ತನ್ನದು ಎಷ್ಟಿತ್ತು, ಎಷ್ಟಾಯಿತು ಅಂತ ಕಿವಿಗೆ ಬೀಳುತ್ತಿತ್ತು. ಕೆಲವರು ಚೌಕಾಸಿಗೆ ನಿಂತು ಅರ್ಧ ಬಿಡಿಸಿಕೊಂಡರು. ಕೇಳಿಸಿಕೊಂಡವನಿಗೆ ಮಾತ್ರ ಚೌಕಾಸಿ ಸಾಧ್ಯ. ಮರ ನೋಡಲು ಹೋದಾಗ ನಾನು ಮರದ ಯಜಮಾನನಿಗೆ ನನ್ನ ಲೆಕ್ಕ ಬಾಯಿಬಿಟ್ಟು ಹೇಳಿಯೇ ಮಾತು ಶುರುಮಾಡುವುದು. ಹಾಗೆ ಹೇಳಿದರೆ ನಷ್ಟ ಅಂತ ನಗುವವರಿದ್ದಾರೆ. ಮುಂದಿನ ವರ್ಷ ಆ ಮರಗಳು ಮತ್ತೆ ನನಗೇ ಸಿಗುತ್ತವೆ.

ಆ ಭಾನುವಾರ ಮಧ್ಯಾಹ್ನ ಅತ್ತೆ ಬಂದಾಗ ಜಗುಲಿಯ ಮೇಲೆ ಇನ್ನೂ ಜನ ಇದ್ದರು. ಅವಳ ಕೈಯಲ್ಲಿ ಒಂದು ಚೀಲ. ಅವ್ವ ಅವಳಿಗೆ ನೀರು ಕೊಟ್ಟು, ಮುತ್ತುವನ್ನು ಮಂಕರಿಯಲ್ಲಿ ಕೂರಿಸಿ, "ನೀವೇ ನೋಡಿ ಅತ್ಗೆಮ್ಮ" ಅಂದಳು. ಅತ್ತೆ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ರಾಗಿ ಚೀಲದ ವಿಷಯಕ್ಕೆ ಬಂದಾಗ ಅವಳು ತಮ್ಮನ ಕಡೆ ತಿರುಗಿ, "ನಿನ್ನ ಬಾಯಿಗೆ ಮಣ್ಣು ಹಾಕ. ಇಷ್ಟು ವರ್ಷ ನಾನು ನನ್ನ ಸೇರನ್ನೇ ಅನುಮಾನ ಪಟ್ಕೊಂಡು ತೊಳೆದಿದ್ದೇ ತೊಳೆದಿದ್ದು," ಅಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಆದರೆ ನಗು ಮುಗಿದ ಮೇಲೆ ಅವಳು ಚೀಲದ ಬಾಯನ್ನು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಒಳಗೆ ಹಳದಿ ಬಟ್ಟೆಯ ಎರಡು ಸಣ್ಣ ಲಂಗ ಇದ್ದವು, ಹೊಲಿಗೆಯ ದಾರ ಇನ್ನೂ ನೇತಾಡುತ್ತಿತ್ತು.

"ಕೂಸು ಗಟ್ಟಿಯಾಗೈತೆ ಅಂದ್ರೆ ಸಂತೋಷಾನೇ," ಅಂದಳು. "ನಾಲ್ಕು ಗಂಟೆ ಬಸ್ಸಿಗೆ ಹೋಗ್ತೀನಿ. ಹಸ ಕರೀಬೇಕು."

ಅಪ್ಪನಿಗೆ ದನಿ ಇರಲಿಲ್ಲ. ಗೆದ್ದವಳು ಅವ್ವ, ಗೆದ್ದವರ ಬಾಯಲ್ಲಿ ಸಮಾಧಾನದ ಮಾತು ಸಲ್ಲುವುದಿಲ್ಲ. ಬೆಳಗ್ಗೆಯಿಂದ ಎಲ್ಲರ ಮನೆಯ ಬಾಗಿಲಲ್ಲಿ ಮಾತಾಡಿದ್ದ ನನ್ನ ಬಾಯಿ ಮಾತ್ರ ಬಿಸಿಯಾಗಿತ್ತು.

"ಅತ್ತೆ, ನೀನು ಒಬ್ಬಳನ್ನ ಕೇಳ್ದೆ," ಅಂದೆ. "ಇಬ್ಬರೂ ಬತ್ತೀವಿ. ಬೇಸಿಗೆ ರಜಾಕ್ಕೆ, ದಸರಾಕ್ಕೂ. ಆದ್ರೆ ಸ್ಕೂಲು ಇಲ್ಲೇ. ಮತ್ತೆ ಮುತ್ತುಗೆ ಹಿಡ್ಕೊಂಡು ಹಾಲು ಕುಡಿಸಬಾರ್ದು. ಅವಳೇ ಕೇಳಿದಾಗ ಕೊಡಬೇಕು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳೂ ಹಾಲು, ರಾಗಿ ಮಾರಿ ಮನೆ ನಡೆಸಿದವಳು. ಎದುರು ನಿಂತವರ ಮಾತಿನ ಗಟ್ಟಿ ಎಷ್ಟು ಅಂತ ಅವಳಿಗೆ ಗೊತ್ತು.

"ನಿನಗೇನು ಕೊಡಬೇಕು ಇದಕ್ಕೆ?"

"ನನಗೂ ಒಂದು ಲಂಗ. ಹಳದಿ ಬೇಡ."

"ಬಂದ್ರೆ ಎಷ್ಟು ದಿನ ಇರ್ತೀರಾ? ಅದನ್ನ ಮೊದ್ಲು ಹೇಳು, ಆಮೇಲೆ ಎರಡೇ ದಿನಕ್ಕೆ ಅವ್ವ ಅಂತ ಅಳಬಾರ್ದು."

ಅವ್ವನ ಮುಖ ನೋಡಿದೆ. ಅವಳು ತಲೆಯಾಡಿಸಿದಳು, ನಿನ್ನ ಮಾತು ನಿನ್ನದು ಅನ್ನುವ ಹಾಗೆ.

"ನೀನು ಸಾಕು ಅನ್ನೋವರ್ಗೂ," ಅಂದೆ.

ಅತ್ತೆ ಚೀಲ ಬಿಚ್ಚಿ, ಲಂಗ ತೆಗೆದು, ಮುತ್ತುವಿಗೆ ತಾನೇ ಉಡಿಸಿದಳು. ಉದ್ದವಾಗಿತ್ತು, ಎತ್ತಿ ಕಟ್ಟಿದಳು. ಆ ಬೇಸಿಗೆಗೆ ನಾವು ಹೋದೆವು, ಅದರ ಮುಂದಿನದಕ್ಕೂ. ಈಗ ಮುತ್ತುವಿನ ಮಕ್ಕಳು ಹೋಗುತ್ತಾರೆ. ಅತ್ತೆಗೆ ಎಂಬತ್ತರ ಹತ್ತಿರ. ಸಾಕು ಅಂತ ಅವಳು ಇನ್ನೂ ಅಂದಿಲ್ಲ.